ದಿಲ್ಲಿಯ ಹಾಡು, ಹಾನಗಲ್ಲಿನ ಮಾತು

ಮೊನ್ನೆ ಶಿಗ್ಗಾಂವಿಯಿಂದ ಸವಣೂರಿಗೆ ಹೊರಟಿದ್ದ ಬಸ್ಸಿನಲ್ಲಿ ಡ್ರೈವರ್ ರೇಡಿಯೊ ಹಚ್ಚಿದ್ದ. ಹಳೆಯ ಹಾಡು. ಗಾಯಕಿ ಎರಡನೆಯ ಚರಣಕ್ಕೆ ಬಂದು "ನಿನ್ನ" ಎಂದು ಎಳೆದು, ಮುಂದಿನ ಪದಕ್ಕೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಯಾರೋ ಗಂಡಸು ನಡುವೆ ಬಾಯಿ ಹಾಕಿ, "ಬೋರ್‌ವೆಲ್ ಪೈಪುಗಳಿಗಾಗಿ ಇಂದೇ ಭೇಟಿ ಕೊಡಿ" ಎಂದ. ಬಸ್ಸಿನಲ್ಲಿದ್ದ ಯಾರಿಗೂ ಏನೂ ಅನಿಸಲಿಲ್ಲ. ನನ್ನೊಬ್ಬಳಿಗೆ ಮಾತ್ರ ಅನ್ನದಲ್ಲಿ ಹರಳು ಕಡಿದಂತಾಯಿತು.

ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಮೊಮ್ಮಗ ಇಂಥದ್ದನ್ನೆಲ್ಲ ಓದಿಕೊಂಡವನು. ನನ್ನ ಮುಖ ನೋಡಿ ನಕ್ಕು ತಿಳಿಸಿ ಹೇಳಿದ. "ಅಜ್ಜಿ, ಹಾಡು ಉಪಗ್ರಹದಿಂದ ಇಡೀ ದೇಶಕ್ಕ ಒಮ್ಮಿಗೇ ಬರ್ತೈತಿ. ನಡುನಡುವ ಜಾಗಾ ಬಿಟ್ಟಿರ್ತಾರ. ಆ ಜಾಗಾದಾಗ ಆಯಾ ಊರಿನ ಜಾಹೀರಾತನ್ನ ಮಷೀನ್ ತಾನ ತುಂಬತೈತಿ. ಮನಷ್ಯಾರು ಬೇಕಾಗಂಗಿಲ್ಲ."

"ಅಲ್ಲಿ ಮನಷ್ಯಾರಿಲ್ಲ ಅನ್ನೂದು ಕೇಳಿದ್ರನ ತಿಳೀತೈತಿ ಬಿಡಪಾ" ಎಂದೆ.

ಅವನಿಗೆ ನನ್ನ ಸಿಟ್ಟು ವಿಚಿತ್ರವಾಗಿ ಕಂಡಿರಬೇಕು. ನಿಮಗೂ ಹಾಗೆಯೇ ಅನ್ನಿಸಬಹುದು. ಆದರೆ ಆಕಾಶದಿಂದ ಇಳಿದ ಹಾಡಿಗೆ ನಮ್ಮೂರಿನ ಮಾತನ್ನು ಸೇರಿಸುವ ಕೆಲಸವನ್ನು ಯಂತ್ರ ಕಲಿಯುವುದಕ್ಕೆ ಎಷ್ಟೋ ಮೊದಲು ನಮ್ಮ ಮಾವನವರು ಮಾಡುತ್ತಿದ್ದರು. ಅವರ ನಂತರ ನಾನು ಮಾಡಿದೆ. ಅದಕ್ಕಾಗಿ ಈ ಸಿಟ್ಟು ನನಗೆ ಸಲ್ಲುತ್ತದೆ.

ನನ್ನ ತವರು ಹಿರೇಕೆರೂರು. ಅವ್ವ ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುತ್ತಿದ್ದಳು. ಸಂತೆಯ ಈ ತುದಿಯಲ್ಲಿ ಅವಳು ಕೂಗಿದರೆ ಆ ತುದಿಯಲ್ಲಿ ಗಿರಾಕಿಗಳಿಗೆ ಸೀನು ಬರುತ್ತಿತ್ತು ಎಂದು ನಮ್ಮಪ್ಪ ಚೇಷ್ಟೆ ಮಾಡುತ್ತಿದ್ದ. ಆ ಗಂಟಲು ನೇರವಾಗಿ ನನಗೆ ಬಂದಿತ್ತು. ಕನ್ಯೆ ನೋಡಲು ಹಾನಗಲ್ಲಿನಿಂದ ಬೀಗರು ಬಂದ ದಿನ ಅವ್ವ ನನ್ನನ್ನು ಒಳಗೆ ಕರೆದು, "ಕೇಳಿದ್ದಕ್ಕಷ್ಟ ಹೇಳು, ಅದನ್ನೂ ಬಾಯಿಗೆ ಸೆರಗು ಹಿಡಕೊಂಡು ಹೇಳು" ಎಂದು ಎಚ್ಚರಿಸಿದಳು. ಹೊರಗೆ ಬಂದು ಬೀಗರಿಗೆ, "ನಮ್ಮ ಗಿರಿಜಾ ಭಾಳ ಮೆತ್ತಗ ಮಾತಾಡ್ತಾಳ್ರಿ" ಎಂದಳು. ಬಂದವರಲ್ಲಿ ಒಬ್ಬರು ಮಾತ್ರ ಮೂಲೆಯಲ್ಲಿ ಸುಮ್ಮನೆ ಕುಳಿತು ಮುಗುಳುನಗುತ್ತಿದ್ದರು. ನಾನು ಹಿತ್ತಲಿನಲ್ಲಿ ಎಮ್ಮೆಯನ್ನು ಗದರಿಸಿದ್ದು ಅವರ ಕಿವಿಗೆ ಬಿದ್ದಿತ್ತು ಎಂದು ಮದುವೆಯಾದ ಮೇಲೆ ತಿಳಿಯಿತು. ಅವರೇ ನನ್ನ ಮಾವ. ಊರಿಗೆಲ್ಲ ಮೈಕ್ ಬಸಪ್ಪ.

ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಅವರ ಮೈಕಿನ ಅಂಗಡಿ. ಹಿಂದಿನ ಬಾಗಿಲು ತೆರೆದರೆ ನಮ್ಮ ಅಡುಗೆಮನೆ. ಎದುರಿನ ಬೇವಿನ ಮರಕ್ಕೆ ದೊಡ್ಡ ತಗಡಿನ ಹಾರ್ನ್ ಕಟ್ಟಿದ್ದರು. ಮದುವೆ ಮುಂಜಿಗಳಿಗೆ ಮೈಕು ಬಾಡಿಗೆಗೆ ಹೋಗುತ್ತಿತ್ತು. ಉಳಿದ ದಿನ ರೇಡಿಯೊದಲ್ಲಿ ಬಂದದ್ದೆಲ್ಲ ಆ ಹಾರ್ನಿನಿಂದ ಇಡೀ ಬಜಾರಿಗೆ ಕೇಳಿಸುತ್ತಿತ್ತು. ಆಗ ಎಷ್ಟೋ ಮನೆಗಳಲ್ಲಿ ರೇಡಿಯೊ ಇರಲಿಲ್ಲ. ಸುದ್ದಿಯ ಹೊತ್ತಿಗೆ ಜನ ಬೇವಿನ ಕೆಳಗೆ ಬಂದು ನಿಲ್ಲುತ್ತಿದ್ದರು. ಮಾವನ ಕೈಯಳತೆಯಲ್ಲಿ ಒಂದು ಸ್ವಿಚ್ಚು. ಈ ಕಡೆ ಹೊರಳಿಸಿದರೆ ರೇಡಿಯೊ, ಆ ಕಡೆ ಹೊರಳಿಸಿದರೆ ಮಾವ. ಸುದ್ದಿ ಮುಗಿದು ಹಾಡು ಶುರುವಾಗುವ ಮೊದಲಿನ ಆ ಒಂದಿಷ್ಟು ಮೌನದಲ್ಲಿ ಅವರು ಊರಿನ ಜಾಹೀರಾತು ಸೇರಿಸುತ್ತಿದ್ದರು.

ಸೇರಿಸುತ್ತಿದ್ದರು ಎಂದರೆ ತುರುಕುತ್ತಿದ್ದರು ಅಂತಲ್ಲ. ಹವಾಮಾನ ವರದಿ "ಅಲ್ಲಲ್ಲಿ ಮಳೆಯಾಗುವ ಸಂಭವವಿದೆ" ಎಂದು ಮುಗಿಸಿದೊಡನೆ ಮಾವ, "ಸಂಭವ ಐತಂತ ದಿಲ್ಲಿಯವರ ಹೇಳಿದ ಮ್ಯಾಲ ಛತ್ರಿ ರಿಪೇರಿ ಮಾಡಿಸಿಕೊಳ್ಳೂದು ಚಲೋ ಅಲ್ರೀ? ಊರ ಅಗಸಿ ಬಾಗಲ ಮುಂದಿನ ಮರದ ಕೆಳಗ ಛತ್ರಿ ರಿಪೇರಿಯವ್ರು ಕುಂತಾರ" ಎನ್ನುತ್ತಿದ್ದರು. ಕೇಳಿದವರಿಗೆ ಇದನ್ನೂ ದಿಲ್ಲಿಯವರೇ ಹೇಳಿದರೇನೋ ಅನ್ನಿಸುತ್ತಿತ್ತು. ದುಃಖದ ಹಾಡು ಬಂದ ಮೇಲೆ ಮಿಠಾಯಿ ಅಂಗಡಿಯ ಮಾತು ಎತ್ತುತ್ತಿರಲಿಲ್ಲ. ಎಂಥ ದೊಡ್ಡ ವ್ಯಾಪಾರಿ ಹೇಳಿದರೂ ಹಾಡುವವರ ಬಾಯಿ ಮುಚ್ಚಿಸುತ್ತಿರಲಿಲ್ಲ. "ಒಬ್ಬರು ಮಾತಾಡಾಕತ್ತಾಗ ನಡುವ ಬಾಯಿ ಹಾಕಿದ್ರ ಮನ್ಯಾಗ ಬೈತಾರ. ಬಜಾರದಾಗ ಹಾಕಿದ್ರ ಅದು ಜಾಹೀರಾತು ಆಗ್ತೈತೇನು?" ಎನ್ನುತ್ತಿದ್ದರು.

ಒಮ್ಮೆ ಅವರಿಗೂ ಕಷ್ಟ ಬಂತು. ರೇಡಿಯೊದಲ್ಲಿ ಯಾರೋ ಡಾಕ್ಟರು ಕರಿದ ತಿಂಡಿ ತಿಂದರೆ ಆಗುವ ಅನಾಹುತಗಳನ್ನು ಒಂದೊಂದಾಗಿ ವಿವರಿಸಿದರು. ಅದರ ಬೆನ್ನಿಗೇ ಇದ್ದದ್ದು ಮಿರ್ಚಿ ಭಜಿಯ ಜಾಹೀರಾತು. ಭಜಿ ಅಂಗಡಿಯವನು ಎದುರಿಗೇ ಭಜಿ ಎತ್ತುವ ಝಾರಿ ಹಿಡಿದು ನಿಂತು ನೋಡುತ್ತಿದ್ದ. ಮಾವ ಸ್ವಿಚ್ಚು ಹೊರಳಿಸಿ, "ಡಾಕ್ಟರ್ ಹೇಳಿದ್ದು ಖರೇ ಐತ್ರಿ. ನಾಳಿಂದ ಎಲ್ಲಾರೂ ಬಿಡೂಣು. ಇವತ್ತಂತೂ ಭಜಿ ಬಿಸಿ ಅದಾವ" ಎಂದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಾನು ಜೋರಾಗಿ ನಕ್ಕುಬಿಟ್ಟೆ. ಅತ್ತೆ ತಿರುಗಿ ನೋಡಿದ ನೋಟಕ್ಕೆ ಹಂಚಿನ ಮೇಲಿನ ರೊಟ್ಟಿಯೂ ಉಬ್ಬಲಿಲ್ಲ.

ಅತ್ತೆ ನೀಲವ್ವನವರು ಕೆಟ್ಟವರಲ್ಲ. ಸೊಸೆಯ ಧ್ವನಿ ಹೊಸ್ತಿಲು ದಾಟಬಾರದು ಎಂಬುದು ಅವರ ನಂಬಿಕೆ. ನನ್ನ ಧ್ವನಿಯೋ, ಹೊಸ್ತಿಲಷ್ಟೇ ಅಲ್ಲ, ಬಿಟ್ಟರೆ ಆನಿಕೆರೆಯನ್ನೂ ದಾಟುವಂಥದು. ಹೀಗಾಗಿ ನಾನು ವರ್ಷಗಟ್ಟಲೆ ಪಿಸುಗುಟ್ಟಿದೆ. ನನ್ನ ಗಂಡ ಶಿಗ್ಗಾಂವಿಯಲ್ಲಿ ಕರೆಂಟಿನ ಲೈನ್‌ಮನ್, ವಾರಕ್ಕೊಮ್ಮೆ ಮನೆಗೆ ಬರುವವರು. ಅವರಿಗೂ ನನ್ನ ನಿಜವಾದ ಧ್ವನಿ ಬಹಳ ದಿನ ಗೊತ್ತಿರಲಿಲ್ಲ. ಮಾವ ಮಾತ್ರ ಹೊಸ ಜಾಹೀರಾತಿನ ಮಾತುಗಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಹೇಳಿ ನೋಡುತ್ತಿದ್ದರು. ಹಿಟ್ಟು ನಾದುತ್ತಲೇ ನಾನು, "ಮಾವಾರ, ಸವಣೂರ ವೀಳ್ಯದೆಲಿ ಅಂತ ಮೊದಲ ಹೇಳ್ರಿ, ಅಂಗಡಿ ಹೆಸರು ಆಮ್ಯಾಲ ಹೇಳ್ರಿ. ಎಲಿ ಅಂದ ಕೂಡಲೇ ಬಾಯಾಗ ನೀರು ಬರ್ತಾವ, ಆಗ ಅಂಗಡಿ ಎಲ್ಲೈತಿ ಅಂತ ಅವರ ಕೇಳ್ತಾರ" ಎಂದು ಪಿಸುಗುಟ್ಟುತ್ತಿದ್ದೆ. ಅವರು ತಲೆಯಾಡಿಸಿ ಹೋಗಿ ಹಾಗೆಯೇ ಹೇಳುತ್ತಿದ್ದರು. ನನ್ನ ಮಾತು ಅವರ ಬಾಯಿಂದ ಬಜಾರಿನಲ್ಲಿ ಮೊಳಗುವುದನ್ನು ಕೇಳುತ್ತ ರೊಟ್ಟಿ ಬಡಿಯುವುದರಲ್ಲಿ ಎಂಥ ಸುಖವಿತ್ತು! ಇನ್ನೂ ಹೆಚ್ಚಿನದು ಬೇಕು ಎಂದು ಆಗ ನನಗೆ ಅನ್ನಿಸಿದ್ದಿಲ್ಲ.

ಎಂಬತ್ತರ ದಶಕ ನಡೆದಿತ್ತು. ರೇಡಿಯೊ ರಿಪೇರಿಯವನೊಬ್ಬ ಹುಬ್ಬಳ್ಳಿಯಿಂದ ಬಂದು, ದಿಲ್ಲಿಯ ಕಾರ್ಯಕ್ರಮ ಈಗ ಆಕಾಶದ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಧಾರವಾಡಕ್ಕೆ ಇಳಿದು, ಆಮೇಲೆ ನಮ್ಮ ಪೆಟ್ಟಿಗೆಗೆ ಬರುತ್ತದೆ ಎಂದು ಹೇಳಿದ. ಗೊರಗೊರ ಸದ್ದು ಕಡಿಮೆಯಾಗಿದ್ದು ನಮಗೂ ತಿಳಿದಿತ್ತು. ಮಾವ ಅಂಗಳಕ್ಕೆ ಬಂದು ಬಹಳ ಹೊತ್ತು ಮೇಲೆ ನೋಡಿದರು. "ಅಷ್ಟ ಮ್ಯಾಲ ಹೋಗಿ ಬಂದ ಮಾತಿಗೆ ನಾವು ಹಾನಗಲ್ಲಿನ ಮಾತು ಕಟ್ಟೂದು ಅಂದ್ರ, ಗಂಟು ಕಾಣಬಾರದು ನೋಡು ಗಿರಿಜಾ" ಎಂದರು. ಅಂದಿನಿಂದ ಅಂಗಡಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗತೊಡಗಿದರು.

ಆದರೆ ಅದೇ ವರ್ಷ ಅವರ ಗಂಟಲು ಕೈಕೊಟ್ಟಿತು. ಮೊದಲು ಸ್ವರ ಒಡೆಯಿತು, ಆಮೇಲೆ ಗಾಳಿಯಷ್ಟೇ ಬರತೊಡಗಿತು. ಹುಬ್ಬಳ್ಳಿಯ ಡಾಕ್ಟರು ಗಂಟಲಿನಲ್ಲಿದ್ದ ಗಂಟೊಂದನ್ನು ತೆಗೆದರು. ತಾವು ಹೇಳುವವರೆಗೆ ಒಂದು ಪದವನ್ನೂ ಆಡಕೂಡದು, ಆಡಿದರೆ ಇದ್ದ ಸ್ವರವೂ ಹೋದೀತು ಎಂದು ಕಳಿಸಿದರು. ಹಾರ್ನಿನಲ್ಲಿ ರೇಡಿಯೊ ಬರುತ್ತಿತ್ತು, ಮಾವ ಬರುತ್ತಿರಲಿಲ್ಲ. ಸುದ್ದಿಗೂ ಹಾಡಿಗೂ ನಡುವಿನ ಆ ಮೌನ ಬಂದಾಗ ಬೇವಿನ ಕೆಳಗಿನವರು ಅಭ್ಯಾಸಬಲದಿಂದ ತಲೆ ಎತ್ತುತ್ತಿದ್ದರು. ಮತ್ತೆ ಬಗ್ಗಿಸುತ್ತಿದ್ದರು. ಮಾವ ಕೈ ಕಟ್ಟಿಕೊಂಡು ಕುಳಿತಿರುವುದನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಊರನ್ನೆಲ್ಲ ಮಾತಾಡಿಸುತ್ತಿದ್ದ ಮನುಷ್ಯ ಹಾಗೆ ಕುಳಿತಿರುವುದನ್ನು ನೋಡುವುದು ಕಷ್ಟ.

ಒಂದು ಸಂಜೆ ಅವರೇ ಒಳಗೆ ಬಂದು, ನನ್ನ ಕಡೆ ಬೆರಳು ತೋರಿಸಿ, ಮೈಕಿನ ಕಡೆ ತೋರಿಸಿದರು. ಅತ್ತೆಗೆ ತಿಳಿಯಲು ತಡವಾಗಲಿಲ್ಲ. "ಏನು? ಈಕೀನ ಕುಂದ್ರಸ್ತೀರೇನು? ಮನೀ ಸೊಸಿ ಬಜಾರದಾಗ ಒದರಬೇಕೇನು?" ಎಂದರು. ಮಾವ ಮಾತಾಡುವಂತಿರಲಿಲ್ಲ. ಎರಡೂ ಕೈ ಜೋಡಿಸಿದರು. ಹೆಂಡತಿಗೆ ಅವರು ಕೈ ಜೋಡಿಸಿದ್ದನ್ನು ಅತ್ತೆಯೂ ಕಂಡಿದ್ದಿಲ್ಲ. "ಏನರ ಮಾಡಿಕೊಳ್ರಿ" ಎಂದು ಒಳಗೆ ಹೋದರು.

ನನ್ನ ಮೊದಲ ಪ್ರಸಾರದ ಬಗ್ಗೆ ಹೇಳದಿದ್ದರೇ ಒಳ್ಳೆಯದು, ಆದರೂ ಹೇಳುತ್ತೇನೆ. ಇಷ್ಟು ವರ್ಷ ಅಡಗಿಸಿಟ್ಟಿದ್ದ ಗಂಟಲು ಮೈಕು ಕಂಡೊಡನೆ ಹಿರೇಕೆರೂರ ಸಂತೆಗೆ ಹೋಗಿಬಿಟ್ಟಿತು. "ನಮಸ್ಕಾರ್ರೀ!" ಎಂದೆ. ಹಾರ್ನ್ ಕಿರ್ರೆಂದು ಕಿರುಚಿತು. ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಜೋಳದ ಚೀಲ ಹೇರಿದ್ದ ಚಕ್ಕಡಿಯ ಎತ್ತುಗಳು ಬೆದರಿ ಹೋಟೆಲಿನೊಳಗೆ ಮುಖ ಹಾಕಿದವು. ಎದುರಿಗೆ ಬಾಡಿಗೆ ಸೈಕಲ್ ಅಂಗಡಿಯ ಮೆಹಬೂಬಸಾಬರು ಎದ್ದು ನಿಂತು, "ಬಸಪ್ಪಣ್ಣಾ, ಸೊಸಿಗೆ ಮೈಕ್ ಯಾಕ ಬೇಕೋ? ಹಂಗ ಮಾತಾಡಿದ್ರೂ ಬಂಕಾಪುರಕ್ಕ ಮುಟ್ಟತೈತಿ!" ಎಂದು ಕೂಗಿದರು. ನಾಚಿಕೆಯಿಂದ ನನಗೆ ಸಾಯುವಂತಾಯಿತು. ಮಾವ ನಗಲಿಲ್ಲ. ಸ್ಟೂಲನ್ನು ನನ್ನ ಹತ್ತಿರ ಎಳೆದು ಕುಳಿತು, ತಮ್ಮ ಕಿವಿಯನ್ನು ತೋರಿಸಿದರು. ನನಗೊಬ್ಬನಿಗೇ ಹೇಳು ಎಂಬಂತೆ. ನಾನು ಅವರೊಬ್ಬರಿಗೇ ಹೇಳಿದೆ. ಊರಿಗೆಲ್ಲ ಕೇಳಿಸಿತು.

ಹೀಗೆ ಕಲಿತೆ. ದಿಲ್ಲಿಯವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಹಾಡಿನ ಕೊನೆಯ ವಾದ್ಯ ಎಲ್ಲಿ ಇಳಿಯುತ್ತದೆ ಎಂಬುದನ್ನೆಲ್ಲ ಮಾವನ ಬೆರಳು ಹೇಳುತ್ತಿತ್ತು. ಅವರ ಬೆರಳು ಎದ್ದರೆ ನಾನು ಬಾಯಿ ತೆರೆಯುತ್ತಿದ್ದೆ, ಮಡಚಿದರೆ ಮುಚ್ಚುತ್ತಿದ್ದೆ. ನಳದ ಹತ್ತಿರ ಹೆಂಗಸರು ಅತ್ತೆಯನ್ನು, "ಆ ಬಾಯಿ ಯಾರದವಾ? ಧಾರವಾಡ ರೇಡಿಯೊದಾಕೀದೇನು?" ಎಂದು ಕೇಳಿದರಂತೆ. ಅತ್ತೆ ಕೊಡ ಎತ್ತಿಕೊಳ್ಳುತ್ತ, "ಧಾರವಾಡದಾಕಿ ಎಲ್ಲಿಂದ ಬರ್ಬೇಕು, ನಮ್ಮಾಕಿ" ಎಂದರಂತೆ. ನನ್ನ ಮುಂದೆ ಮಾತ್ರ ಏನೂ ಹೇಳಲಿಲ್ಲ.

ಈಗ ಹೇಳಬೇಕಾದ ಸಂಗತಿಗೆ ಬರುತ್ತೇನೆ.

ಅವತ್ತು ಸಂತೆಯ ದಿನ. ದೂರದ ಯಾವುದೋ ಊರಿನಲ್ಲಿ ಕ್ರಿಕೆಟ್ ಪಂದ್ಯ ಕೊನೆಯ ಹಂತಕ್ಕೆ ಬಂದಿತ್ತು. ಕಾಮೆಂಟ್ರಿ ಸ್ಪಷ್ಟವಾಗಿ ಬರುತ್ತಿತ್ತು. ಬೇವಿನ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ತಿಳವಳ್ಳಿ ಕಡೆಯಿಂದ ಸಂತೆಗೆ ಬಂದ ಹುಡುಗರೆಲ್ಲ ಬಸ್ಸು ಬಿಟ್ಟರೂ ಚಿಂತೆಯಿಲ್ಲವೆಂದು ಅಲ್ಲೇ ನಿಂತಿದ್ದರು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಶಿವಾನಂದಪ್ಪನವರು ಒಳಗೆ ನುಗ್ಗಿದರು. ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆಯ ದೊಡ್ಡ ವ್ಯಾಪಾರಿ. "ಶಿವಾನಂದಪ್ಪನವರ ಎಣ್ಣಿ, ಬೆಳಗತೈತಿ ಮನಿ" ಎಂದು ನಾನು ದಿನವೂ ಹೇಳುತ್ತಿದ್ದದ್ದು ಅವರ ಜಾಹೀರಾತನ್ನೇ. ತಲೆಯ ಟೊಪ್ಪಿಗೆ ಇರಲಿಲ್ಲ, ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅಂಗಿಯ ತೋಳು ಸುಟ್ಟು ಕಪ್ಪಾಗಿತ್ತು.

"ಬಸಪ್ಪಾ, ನನ್ನ ಮನಿ ಹಾಳಾತೋ" ಎಂದು ನೆಲಕ್ಕೆ ಕುಸಿದರು. "ಚಾ ಮಾಡಾಕಂತ ನಮ್ಮಾಕಿ ಸ್ಟೋ ಹಚ್ಚಿದ್ಲು. ಭಗ್ ಅಂತ ಎದ್ದುಬಿಡ್ತು. ಕೈ ಸುಟ್ಟೈತಿ, ಜೀವ ಉಳದೈತಿ. ಬ್ಯಾರಲ್ ಮೂಸಿ ನೋಡಿದೆ. ಎಣ್ಣ್ಯಾಗ ಪೆಟ್ರೋಲ್ ಕೂಡೇತಿ. ಎಲ್ಲಿ ಕೂಡ್ತೋ ಗೊತ್ತಿಲ್ಲ. ಮುಂಜಾನಿಂದ ಸಂತಿಗೆ ಬಂದವರಿಗೆಲ್ಲ ಅದನ್ನ ಅಳದು ಕೊಟ್ಟೇನಿ."

ಹೊರಗೆ ಬಿಸಿಲು ಆಗಲೇ ಇಳಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಹಳ್ಳಿಹಳ್ಳಿಯಲ್ಲೂ ಹೆಂಗಸರು ಕಂದೀಲಿಗೆ ಎಣ್ಣೆ ಹಾಕಿ ಕಡ್ಡಿ ಗೀರುತ್ತಾರೆ.

"ಈಗ ಹೇಳ್ತೇನ್ರಿ" ಎಂದು ಮೈಕಿನ ಕಡೆ ತಿರುಗಿದೆ. ಶಿವಾನಂದಪ್ಪ ನನ್ನ ಸೆರಗಿನ ತುದಿ ಹಿಡಿದರು. "ತಂಗೀ, ಹೇಳು. ಆದ್ರ ನನ್ನ ಅಂಗಡಿ ಹೆಸರು ಬ್ಯಾಡವಾ. ನಾಳಿಂದ ಒಬ್ಬರೂ ನನ್ನ ಕಟ್ಟಿ ಹತ್ತಂಗಿಲ್ಲ."

"ಹೆಸರು ಹೇಳದಿದ್ರ ಯಾವ ಎಣ್ಣಿ ಅಂತ ಅವರಿಗೆ ಹೆಂಗ ತಿಳೀಬೇಕ್ರಿ ಅಣ್ಣಾರ?"

ಅವರು ನನ್ನ ಸೆರಗು ಬಿಟ್ಟರು. ನಾನು ಮಾವನ ಮುಖ ನೋಡಿದೆ. ಕಾಮೆಂಟ್ರಿಯವನು ಉಸಿರು ಬಿಡದೆ ಹೇಳುತ್ತಿದ್ದ, ಜನ ಉಸಿರು ಬಿಡದೆ ಕೇಳುತ್ತಿದ್ದರು. ನಡುವೆ ಎಲ್ಲಿಯೂ ಜಾಗವಿರಲಿಲ್ಲ. ಮಾವ ಬೆರಳು ಎತ್ತಲಿಲ್ಲ. ಎದ್ದು ಬಂದು, ನನ್ನ ಕೈ ಸರಿಸಿ, ತಾವೇ ಸ್ವಿಚ್ಚು ಹೊರಳಿಸಿದರು. ಜೀವಮಾನದಲ್ಲಿ ಒಬ್ಬರ ಮಾತನ್ನೂ ಅರ್ಧಕ್ಕೆ ಕಡಿಯದ ಮನುಷ್ಯ, ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಕಾಮೆಂಟ್ರಿಯನ್ನು ಕಡಿದುಬಿಟ್ಟರು.

ಹೊರಗೆ ಹೋ ಎಂದು ಗದ್ದಲ ಎದ್ದಿತು. ಯಾರೋ ಬಾಗಿಲಿಗೆ ಗುದ್ದಿದರು. ನಾನು ಮಾವನ ಕಿವಿಗೆ ಹೇಳುವಂತೆ ಹೇಳಿದೆ.

"ಸಿಟ್ಟಾಗಬ್ಯಾಡ್ರಿ. ನಾನು ಬಸಪ್ಪನವರ ಸೊಸಿ. ಇವತ್ತು ಮುಂಜಾನಿಂದ ಶಿವಾನಂದಪ್ಪನವರ ಅಂಗಡಿಯೊಳಗ ಚಿಮಣಿ ಎಣ್ಣಿ ಒಯ್ದವರು ಯಾರೂ ಅದರಲೆ ದೀಪ ಹಚ್ಚಬ್ಯಾಡ್ರಿ, ಸ್ಟೋ ಹಚ್ಚಬ್ಯಾಡ್ರಿ. ಅದರಾಗ ಪೆಟ್ರೋಲ್ ಕೂಡೇತಿ. ಭಗ್ ಅಂತ ಹತ್ಕೊಳ್ತೈತಿ. ಶಿವಾನಂದಪ್ಪನವರ ಮನೀಯವರ ಕೈ ಸುಟ್ಟೈತಿ. ಹಂಗಿದ್ದಾಗೂ ಅವರು ಮುಚ್ಚಿಡಲಿಲ್ಲ, ಬರಿಗಾಲಲೆ ಓಡಿ ಬಂದು ಎಲ್ಲಾರಿಗೂ ಹೇಳಂತ ನನ್ನ ಬಾಜೂಕ ನಿಂತಾರ. ಎಣ್ಣಿ ಒಯ್ದವರು ನಿಮ್ಮೂರಿನವರು ಇರಬಹುದು, ನಿಮ್ಮ ಓಣಿಯವರು ಇರಬಹುದು. ದೀಪ ಹಚ್ಚೂ ಹೊತ್ತಾತು. ಆಟದ ಸುದ್ದಿ ನಾಳೆ ಪೇಪರಿನ್ಯಾಗೂ ಸಿಗತೈತಿ. ಈಗ ಊರಿಗೆ ಹೋಗಿ ಹೇಳ್ರಪಾ."

ಗದ್ದಲ ನಿಂತಿತು. ಆಮೇಲೆ ಗುಂಪಿನಿಂದ ಒಬ್ಬ, "ನಮ್ಮವ್ವ ಒಯ್ದಾಳೋ!" ಎಂದು ಚೀರಿದ. ಮರುಕ್ಷಣ ಎಲ್ಲರೂ ಒಂದೊಂದು ದಿಕ್ಕಿಗೆ ಓಡಲಾರಂಭಿಸಿದರು. ಮೆಹಬೂಬಸಾಬರು ಬಾಡಿಗೆ ಸೈಕಲ್ಲುಗಳಿಗೆ ಹಾಕಿದ್ದ ಸರಪಳಿ ಎಳೆದು ಬಿಸಾಡಿ, "ತಗೊಂಡ್ ಹೋಗ್ರೋ, ಬಾಡಿಗಿ ಬ್ಯಾಡ, ಏನೂ ಬ್ಯಾಡ! ಬೆಲ್ ಹೊಡಕೋತ ಹೋಗ್ರಿ!" ಎಂದು ಒಂದೊಂದನ್ನೇ ಹುಡುಗರ ಕೈಗೆ ದೂಡಿದರು. ಬಸ್ಸಿನ ಕಂಡಕ್ಟರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ನಿಂತು ಪ್ರಯಾಣಿಕರಿಗೆ ಕೂಗಿ ಹೇಳಿದರು. ಶಿವಾನಂದಪ್ಪ ಪಂಚೆ ಎತ್ತಿ ಕಟ್ಟಿ, ತಾವೇ ಒಂದು ಸೈಕಲ್ ಹತ್ತಿಕೊಂಡು, ಹತ್ತಿರದ ಹಳ್ಳಿಯ ದಾರಿ ಹಿಡಿದರು. ನಾನು ಕತ್ತಲಾಗುವವರೆಗೆ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದೆ. ನಡುವೆ ಅತ್ತೆ ಬಂದು ನೀರಿನ ತಂಬಿಗೆ ಇಟ್ಟು ಹೋದದ್ದು ಆಮೇಲೆ ನೋಡಿದೆ.

ಆ ಸಂಜೆ ಎಷ್ಟೋ ಊರುಗಳಲ್ಲಿ ಜನ ಕತ್ತಲೆಯಲ್ಲೇ ಉಂಡರು. ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ಕಂದೀಲಿನ ಬತ್ತಿಗೆ ಕಡ್ಡಿ ಹಿಡಿಯುವಷ್ಟರಲ್ಲಿ ಮೊಮ್ಮಗ ಸೈಕಲ್ಲಿನಿಂದ ಹಾರಿ ಬಂದು ಕೈಯಿಂದ ಕಸಿದುಕೊಂಡನಂತೆ. ಸೈಕಲ್ಲು ಗೋಡೆಗೆ ಬಡಿದು ಮುಂದಿನ ಗಾಲಿ ಸೊಟ್ಟಗಾಯಿತು. ಅದನ್ನು ತಂದಾಗ ಮೆಹಬೂಬಸಾಬರು ಗಾಲಿಯನ್ನು ತಿರುಗಿಸಿ ನೋಡಿ, "ಇದು ಸೊಟ್ಟ ಆಗಿದ್ದಕ್ಕ ಅಜ್ಜಿ ನೆಟ್ಟಗ ಅದಾಳ. ಬಿಡು" ಎಂದರು. ಯಾರಿಗೂ ಏನೂ ಆಗಲಿಲ್ಲ. ಪಂದ್ಯ ಯಾರು ಗೆದ್ದರು ಎಂದು ನನ್ನನ್ನು ಕೇಳಬೇಡಿ. ಇವತ್ತಿಗೂ ಗೊತ್ತಿಲ್ಲ.

ಮರುದಿನದಿಂದ ಜನ ಡಬ್ಬಿ, ಸೀಸೆ ಹಿಡಿದು ಶಿವಾನಂದಪ್ಪನವರ ಕಟ್ಟೆಗೆ ಬಂದರು. ಜಗಳಕ್ಕಲ್ಲ, ಎಣ್ಣೆ ಮರಳಿಸಲು. ಹಾಗೆ ಬಂದವರು ಅವರ ಹೆಂಡತಿಯ ಕೈ ಹೇಗಿದೆ ಎಂದು ವಿಚಾರಿಸಿ ಹೋದರು. ಅಂಗಡಿ ಮುಚ್ಚಲಿಲ್ಲ. "ತನ್ನ ತಪ್ಪು ತಾನ ಡಂಗುರ ಹೊಡದಾಂವ ಇನ್ನ ಮೋಸ ಮಾಡ್ತಾನೇನು?" ಎಂದು ಜನ ಮೊದಲಿಗಿಂತ ಹೆಚ್ಚಾಗಿಯೇ ಬರತೊಡಗಿದರು. ಆ ವಾರ ಶಿಗ್ಗಾಂವಿಯಿಂದ ಬಂದ ನನ್ನ ಗಂಡ ಊಟಕ್ಕೆ ಕುಳಿತು, "ಬಸ್ಸಿನ್ಯಾಗೆಲ್ಲ ನಿನ್ನ ಮಾತ ನಡದಾವು. ಅಂಥಾ ಧ್ವನಿ ನಿಂದಂತ ನಾನ ನಂಬಲಿಲ್ಲ ನೋಡು" ಎಂದರು. "ಹಂಗಾರ ಒಮ್ಮೆ ಬೈದು ತೋರಸ್ಲೇನು?" ಎಂದೆ. ಅತ್ತೆ ಸೆರಗಿನಲ್ಲಿ ನಕ್ಕದ್ದು ನನಗೆ ಕಂಡಿತು.

ಮಳೆಗಾಲ ಕಳೆದ ಮೇಲೆ ಡಾಕ್ಟರು ಮಾವನಿಗೆ ಮಾತಾಡಲು ಅಪ್ಪಣೆ ಕೊಟ್ಟರು. ಬಂದದ್ದು ಹಳೆಯ ಸ್ವರವಲ್ಲ, ಒರಟಾದ, ತೂತುಬಿದ್ದ ಸ್ವರ. ಆದರೂ ಊರಿಗೆ ಹಿಗ್ಗು. ಮೈಕ್ ಬಸಪ್ಪ ಮತ್ತೆ ಮಾತಾಡುತ್ತಾರಂತೆ ಎಂದು ಅವತ್ತು ಬೇವಿನ ಕೆಳಗೆ ಜನ ಕೂಡಿದರು. ನಾನು ಕುರ್ಚಿ ಒರೆಸಿಟ್ಟು, ಸ್ವಿಚ್ಚಿಗೆ ಕೈ ಮುಗಿದು, ಅಡುಗೆಮನೆಗೆ ಬಂದೆ. ಅದು ಅವರ ಜಾಗ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹಿಟ್ಟು ನಾದಲು ಕುಳಿತೆ.

ಸುದ್ದಿ ಮುಗಿಯಿತು. ಮೌನ ಬಂತು. ಸ್ವಿಚ್ಚು ಹೊರಳಿದ ಸದ್ದು ಕೇಳಿಸಿತು.

"ಎಲ್ಲಾರಿಗೂ ನಮಸ್ಕಾರ್ರೀ" ಎಂದರು ಮಾವ. "ಇಷ್ಟ ವರ್ಷ ನಾನು ಊರಾಗಿನ ಎಲ್ಲಾರ ಅಂಗಡಿ ಹೆಸರೂ ಹೇಳೇನಿ. ನನ್ನ ಮನೀ ಮಾತು ಒಂದೂ ಹೇಳಿದ್ದಿಲ್ಲ. ಇವತ್ತು ಹೇಳ್ತೇನಿ. ನನ್ನ ಧ್ವನಿ ತಿರುಗಿ ಬಂದೈತಿ, ಮನಿಮಂದಿ ಕೂಡ ಮಾತಾಡಾಕ ಅದು ಸಾಕು. ನಿಮ್ಮ ಕೂಡ ಮಾತಾಡಾಕ ನನ್ನ ಸೊಸಿ ಗಿರಿಜಾ ಅದಾಳ. ಇನ್ನ ಮುಂದ ಈ ಕುರ್ಚಿ ಆಕೀದು. ಈಗ ಹಾಡು ಕೇಳ್ರಿ."

ಹಾಡು ಶುರುವಾಯಿತು. ಹೊರಗೆ ಯಾರೋ ಚಪ್ಪಾಳೆ ತಟ್ಟಿದರು. ನಾನು ಹಿಟ್ಟಿನ ಮುದ್ದೆ ಹಿಡಿದುಕೊಂಡು ಕಲ್ಲಿನಂತೆ ಕುಳಿತಿದ್ದೆ. ಕಣ್ಣು ಮಂಜಾಗಿ ಹಿಟ್ಟು ನಾದುವ ಪರಾತವೂ ಕಾಣಿಸುತ್ತಿರಲಿಲ್ಲ. ಒಲೆಯ ಮುಂದಿದ್ದ ಅತ್ತೆ ಎದ್ದು ಬಂದು ನನ್ನ ಮುಂದೆ ಕುಳಿತರು. ನನ್ನ ಕೈಯಿಂದ ಹಿಟ್ಟನ್ನು ಬಿಡಿಸಿಕೊಂಡರು. ಹೊರಗಿನ ಹಾಡಿಗೆ ಒಂದಿಷ್ಟು ಕಿವಿಗೊಟ್ಟರು.

"ಹಿಂಗ್ಯಾಕ ಕುಂತಿ? ರೊಟ್ಟಿ ನಾ ಬಡೀತೇನಿ" ಎಂದರು. "ಕೊನೀ ಚರಣಕ್ಕ ಬಂತು ನೋಡು, ಏಳು."

ಕೈಗೆ ಮೆತ್ತಿದ ಹಿಟ್ಟು ತೊಳೆಯಲೂ ಪುರಸೊತ್ತಿರಲಿಲ್ಲ. ಹಾಗೆಯೇ ಎದ್ದು ಓಡಿದೆ.